ಕೊಡುವುದರ ಜೊತೆಗೆ ಕೇಳುವುದು: ಸರ್ಕಾರಿ ಶಾಲೆಯಲ್ಲಿ ಹೆತ್ತವರಿಗಿರುವ ಅಧಿಕಾರ

ಕರಾವಳಿಯ ಸರ್ಕಾರಿ ಶಾಲೆಗಳಿಗೆ ಊರಿನವರು ಕೊಟ್ಟಿರುವುದು ಕಡಿಮೆಯಲ್ಲ. ಮಳೆಗಾಲ ಹಿಡಿಯುವ ಮುನ್ನ ಶ್ರಮದಾನಕ್ಕೆ ಸೇರಿ ಒಡೆದ ಹಂಚು ಬದಲಿಸುವವರು, ಕೊಳೆತ ಪಕ್ಕಾಸು, ರೀಪುಗಳನ್ನು ತೆಗೆದು ಹೊಸದು ಕೂರಿಸುವವರು, ಅಂಗಳದ ಕಣಿ ಬಿಡಿಸುವವರು, ಬಿಸಿಯೂಟಕ್ಕೆ ತೆಂಗಿನಕಾಯಿ, ಸೌತೆ, ಕುಂಬಳ ತಂದುಕೊಡುವವರು, ಶತಮಾನೋತ್ಸವಕ್ಕೆಂದು ಮುಂಬಯಿಯಿಂದಲೋ ಕೊಲ್ಲಿ ದೇಶಗಳಿಂದಲೋ ಹಣ ಕಳುಹಿಸಿ ರಂಗಮಂದಿರ ಕಟ್ಟಿಸುವ ಹಳೆ ವಿದ್ಯಾರ್ಥಿಗಳು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಸಿಗುತ್ತಾರೆ. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಉಳಿಸಿದ ಹಣದಿಂದ ನ್ಯೂಪಡ್ಪುವಿನಲ್ಲಿ ಶಾಲೆಯೊಂದು ನೆಲೆಗೊಳ್ಳುವಂತೆ ಮಾಡಿದ ಹರೇಕಳ ಹಾಜಬ್ಬರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಜಿಲ್ಲೆಯೇ ಹೆಮ್ಮೆಪಟ್ಟಿತು. ಶಾಲೆಗಾಗಿ ಕೈಲಾದದ್ದನ್ನು ಕೊಡಬೇಕೆಂಬ ಭಾವನೆ ಈ ನೆಲದಲ್ಲಿ ಅಷ್ಟು ಹಳೆಯದು.

ಆದರೆ ಅದೇ ಊರುಗಳಲ್ಲಿ ಗಣಿತ ಕಲಿಸುವ ಶಿಕ್ಷಕರ ಹುದ್ದೆ ವರ್ಷಗಟ್ಟಲೆ ಖಾಲಿ ಬಿದ್ದಿದ್ದರೂ ಆ ಬಗ್ಗೆ ಹೆತ್ತವರ ಸಹಿಯಿರುವ ಒಂದು ಅರ್ಜಿಯೂ ಮೇಲಿನ ಕಚೇರಿಗೆ ಹೋಗಿರುವುದಿಲ್ಲ. ಮಾತು ಹಾಲಿನ ಡೈರಿಯ ಕಟ್ಟೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಭಜನಾ ಮಂದಿರದ ಜಗಲಿಯಲ್ಲಿ ನಡೆಯುತ್ತದೆ; ಕಾಗದಕ್ಕೆ ಇಳಿಯುವುದಿಲ್ಲ. ಕೊಡುವುದಕ್ಕೆ ಹಿಂಜರಿಯದ ಜನ ಕೇಳುವುದಕ್ಕೆ ಹಿಂಜರಿಯುತ್ತಾರೆ. ಕೇಳುವ ಅಧಿಕಾರ ತಮಗಿದೆ ಎಂಬುದು ಅನೇಕರಿಗೆ ಗೊತ್ತಿಲ್ಲದಿರುವುದೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ಭಾವನೆ. ಆ ಅಧಿಕಾರ ಯಾವುದು, ಅದು ಯಾವ ಕಾನೂನಿನಲ್ಲಿದೆ, ಅದನ್ನು ಒಂದು ಸಾಮಾನ್ಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹೇಗೆ ಬಳಸಬಹುದು ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ.

ಸಮಿತಿ ಮತ್ತು ಅದರ ಕಾನೂನು

ಕರ್ನಾಟಕದಲ್ಲಿ ಇಂದು ಎಲ್ಲರೂ ಎಸ್‌ಡಿಎಂಸಿ ಎಂದು ಕರೆಯುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ 2001ರಲ್ಲಿ ಸರ್ಕಾರದ ಆದೇಶದ ಮೂಲಕ ರೂಪುಗೊಂಡಿತು. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಮಾಡಿದ ಶಿಫಾರಸು ಅದರ ಹಿಂದಿತ್ತು. ಊರಿನ ಗಣ್ಯರು ಕೂತು ಶಾಲೆಯ ಹಿತ ನೋಡುತ್ತಿದ್ದ ಹಿಂದಿನ ಸಮಿತಿಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಇಲ್ಲಿ ಆ ಶಾಲೆಯಲ್ಲಿ ಓದುತ್ತಿರುವ ಮಕ್ಕಳ ಹೆತ್ತವರೇ ಕೇಂದ್ರದಲ್ಲಿರುತ್ತಾರೆ. ಮಕ್ಕಳನ್ನು ಬೇರೆ ಕಡೆ ಓದಿಸಿ ಸರ್ಕಾರಿ ಶಾಲೆಗೆ ಸಲಹೆ ಕೊಡುವವರಿಗಿಂತ, ತನ್ನ ಮಗು ಇಂದು ಯಾವ ಬೆಂಚಿನಲ್ಲಿ ಕೂತಿದೆ ಎಂದು ಬಲ್ಲವರ ಮಾತಿಗೆ ಹೆಚ್ಚು ತೂಕವಿರಬೇಕು ಎಂಬ ಆಲೋಚನೆ ಅದು.

ಆಗ ಸರ್ಕಾರದ ಆದೇಶವಾಗಿದ್ದುದಕ್ಕೆ ಸಂಸತ್ತಿನ ಕಾನೂನಿನ ಬಲ ಬಂದದ್ದು ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರಿಂದ. ಸಂವಿಧಾನಕ್ಕೆ 2002ರಲ್ಲಿ ತಂದ 86ನೇ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿ ಮಾಡಿತ್ತು; ಆ ಹಕ್ಕನ್ನು ಜಾರಿಗೊಳಿಸುವ ಈ ಕಾಯ್ದೆ 2010ರ ಏಪ್ರಿಲ್ 1ರಿಂದ ಅನ್ವಯವಾಯಿತು. ಇದರ 21ನೇ ಕಲಂ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಜನ ಮಕ್ಕಳ ತಂದೆ, ತಾಯಿ ಅಥವಾ ಪೋಷಕರಾಗಿರಬೇಕು. ಹಿಂದುಳಿದ ಮತ್ತು ದುರ್ಬಲ ವರ್ಗಗಳ ಮಕ್ಕಳ ಹೆತ್ತವರಿಗೆ ಅವರ ಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯ ಸಿಗಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿಯೇ ಈ ಸಮಿತಿ. ಮುಖ್ಯ ಶಿಕ್ಷಕರು ಅದರ ಸದಸ್ಯ ಕಾರ್ಯದರ್ಶಿ, ಅಧ್ಯಕ್ಷರು ಹೆತ್ತವರಲ್ಲೊಬ್ಬರು.

ಸಮಿತಿಯ ಕೆಲಸವನ್ನು ಅದೇ ಕಲಂ ಹೇಳುತ್ತದೆ: ಶಾಲೆಯ ನಿರ್ವಹಣೆಯ ಮೇಲೆ ಕಣ್ಣಿಡುವುದು, ಶಾಲಾಭಿವೃದ್ಧಿ ಯೋಜನೆಯನ್ನು ತಯಾರಿಸಿ ಶಿಫಾರಸು ಮಾಡುವುದು, ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ಕೊಟ್ಟ ಅನುದಾನ ಹೇಗೆ ಖರ್ಚಾಗುತ್ತಿದೆ ಎಂದು ನೋಡುವುದು. ಸ್ವಾತಂತ್ರ್ಯೋತ್ಸವಕ್ಕೆ ಸಿಹಿ ಹಂಚುವುದು, ವಾರ್ಷಿಕೋತ್ಸವಕ್ಕೆ ಶಾಮಿಯಾನ ಹೊಂದಿಸುವುದು ಈ ಪಟ್ಟಿಯಲ್ಲಿಲ್ಲ. ಅವೆಲ್ಲ ಒಳ್ಳೆಯ ಕೆಲಸಗಳೇ, ಆದರೆ ಸಮಿತಿ ಅಷ್ಟಕ್ಕೇ ನಿಂತರೆ ಕಾನೂನು ಒಪ್ಪಿಸಿದ ಮುಖ್ಯ ಕೆಲಸ ಉಳಿದುಬಿಡುತ್ತದೆ.

ಮಂಗಳೂರು, ಉಡುಪಿ ಭಾಗದ ಓದುಗರಿಗೆ ಇಲ್ಲೊಂದು ಸ್ಪಷ್ಟನೆ ಅಗತ್ಯ, ಏಕೆಂದರೆ ಇಲ್ಲಿ ಮಿಷನ್‌ಗಳೂ ಸಂಘ ಸಂಸ್ಥೆಗಳೂ ಕಟ್ಟಿದ ಅನುದಾನಿತ ಶಾಲೆಗಳು ಬಹಳ. ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅನುದಾನಿತ ಶಾಲೆಗಳಲ್ಲಿಯೂ ಅಲ್ಪಸಂಖ್ಯಾತರು ನಡೆಸುವ ಶಾಲೆಗಳಲ್ಲಿಯೂ ಈ ಸಮಿತಿಯ ಪಾತ್ರ ಸಲಹೆ ಕೊಡುವುದಕ್ಕೆ ಸೀಮಿತವಾಗಿದೆ. ಅನುದಾನರಹಿತ ಖಾಸಗಿ ಶಾಲೆಗಳಿಗೆ 21ನೇ ಕಲಂ ಅನ್ವಯವಾಗುವುದೇ ಇಲ್ಲ. ಅಲ್ಲಿನ ಶಿಕ್ಷಕ ರಕ್ಷಕ ಸಂಘ ಬೇರೆಯೇ ವ್ಯವಸ್ಥೆ. ಆದ್ದರಿಂದ ಮುಂದೆ ಹೇಳುವ ಮಾತುಗಳೆಲ್ಲ ಮುಖ್ಯವಾಗಿ ಸರ್ಕಾರಿ ಶಾಲೆಗೆ ಸಂಬಂಧಪಟ್ಟವು.

ಶಾಲಾಭಿವೃದ್ಧಿ ಯೋಜನೆ ಎಂಬ ದಾಖಲೆ

ಹೆತ್ತವರ ಕೈಯಲ್ಲಿರುವ ಅತ್ಯಂತ ಬಲವಾದ ಸಾಧನ ಶಾಲಾಭಿವೃದ್ಧಿ ಯೋಜನೆ. ಅದೇ ಅತ್ಯಂತ ಕಡಿಮೆ ಬಳಕೆಯಾಗುತ್ತಿರುವುದು ಬೇಸರದ ಸಂಗತಿ. ಎಷ್ಟೋ ಕಡೆ ಮುಖ್ಯ ಶಿಕ್ಷಕರು ಹಿಂದಿನ ವರ್ಷದ ಕಡತ ನೋಡಿ ನಮೂನೆ ತುಂಬುತ್ತಾರೆ, ಅಧ್ಯಕ್ಷರು ಸಹಿ ಮಾಡುತ್ತಾರೆ, ಅಲ್ಲಿಗೆ ಅದು ಮುಗಿಯುತ್ತದೆ. ಕಾಯ್ದೆಯ 22ನೇ ಕಲಂ ಈ ದಾಖಲೆಗೆ ಕೊಟ್ಟಿರುವ ಸ್ಥಾನ ಬಹಳ ದೊಡ್ಡದು: ಸರ್ಕಾರ ಅಥವಾ ಸ್ಥಳೀಯ ಪ್ರಾಧಿಕಾರ ಶಾಲೆಗೆ ಕೊಡುವ ಅನುದಾನಕ್ಕೂ ಯೋಜನೆಗೂ ಇದೇ ಆಧಾರವಾಗಬೇಕು. ಅಂದರೆ ಶಾಲೆಗೆ ಏನು ಬೇಕು ಎಂಬ ಪ್ರಶ್ನೆಗೆ ಉತ್ತರ ರಾಜಧಾನಿಯಿಂದ ಇಳಿದು ಬರುವ ಬದಲು ಶಾಲೆಯ ಅಂಗಳದಿಂದ ಮೇಲಕ್ಕೆ ಹೋಗಬೇಕೆಂಬುದು ಕಾನೂನಿನ ಆಶಯ. ಕಾಯ್ದೆಯಡಿ ಕೇಂದ್ರ ರೂಪಿಸಿದ ಮಾದರಿ ನಿಯಮಗಳ ಪ್ರಕಾರ ಇದು ಮೂರು ವರ್ಷಗಳ ಯೋಜನೆಯಾಗಿದ್ದು, ಅದರೊಳಗೆ ಪ್ರತಿ ವರ್ಷದ ಉಪಯೋಜನೆ ಇರುತ್ತದೆ. ಮುಂದಿನ ವರ್ಷಗಳಲ್ಲಿ ತರಗತಿವಾರು ಎಷ್ಟು ಮಕ್ಕಳು ಬರಬಹುದು, ಅದಕ್ಕೆ ಎಷ್ಟು ಶಿಕ್ಷಕರು ಬೇಕು, ಕಟ್ಟಡ ಮತ್ತು ಸಾಮಗ್ರಿಗಳ ಕೊರತೆ ಏನು, ಅದಕ್ಕೆ ಎಷ್ಟು ಹಣ ಬೇಕು ಎಂಬುದನ್ನು ಅದರಲ್ಲಿ ಬರೆಯಬೇಕು.

ಇದನ್ನು ಬರೆಯಲು ಪರಿಣತರೇ ಆಗಬೇಕೆಂದಿಲ್ಲ. ಕಾಯ್ದೆಯ ಕೊನೆಯಲ್ಲಿರುವ ಅನುಸೂಚಿಯನ್ನು ಎದುರಿಗಿಟ್ಟುಕೊಂಡರೆ ಸಾಕು, ಅದು ಒಂದು ಶಾಲೆಯಲ್ಲಿ ಕನಿಷ್ಠ ಏನಿರಬೇಕೆಂದು ಸರಳವಾಗಿ ಹೇಳುತ್ತದೆ. ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು. ಆರರಿಂದ ಎಂಟನೇ ತರಗತಿಗೆ ಪ್ರತಿ ತರಗತಿಗೆ ಕನಿಷ್ಠ ಒಬ್ಬರಂತೆ, ವಿಜ್ಞಾನ ಮತ್ತು ಗಣಿತಕ್ಕೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು, ಭಾಷೆಗಳಿಗೊಬ್ಬರು ಇರಬೇಕು; ಜೊತೆಗೆ ಪ್ರತಿ 35 ಮಕ್ಕಳಿಗೆ ಒಬ್ಬರಿಗಿಂತ ಕಡಿಮೆಯಾಗಬಾರದು. ಎಲ್ಲ ಹವಾಮಾನಕ್ಕೂ ತಡೆಯುವ ಕಟ್ಟಡ, ಪ್ರತಿ ಶಿಕ್ಷಕರಿಗೆ ಒಂದು ತರಗತಿ ಕೋಣೆ, ಅಂಗವಿಕಲ ಮಕ್ಕಳು ಅಡೆತಡೆಯಿಲ್ಲದೆ ಒಳಬರುವ ದಾರಿ, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಾಲಯ, ಕುಡಿಯಲು ಯೋಗ್ಯವಾದ ಸಾಕಷ್ಟು ನೀರು, ಬಿಸಿಯೂಟದ ಅಡುಗೆ ಕೋಣೆ, ಆಟದ ಮೈದಾನ, ಆವರಣ ಗೋಡೆ ಅಥವಾ ಬೇಲಿ, ಗ್ರಂಥಾಲಯ ಇವೆಲ್ಲವೂ ಅನುಸೂಚಿಯಲ್ಲಿವೆ. ಕಿರಿಯ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 200 ಮತ್ತು ಆರರಿಂದ ಎಂಟಕ್ಕೆ 220 ಕೆಲಸದ ದಿನಗಳೆಂದು ನಿಗದಿಯಾಗಿದೆ. ಜೂನ್, ಜುಲೈ ತಿಂಗಳಲ್ಲಿ ಮಳೆಯ ರಜೆ ಮೇಲಿಂದ ಮೇಲೆ ಘೋಷಣೆಯಾಗುವ ನಮ್ಮ ಜಿಲ್ಲೆಗಳಲ್ಲಿ ಈ ಕೊನೆಯ ಅಂಶಕ್ಕೆ ವಿಶೇಷ ಮಹತ್ವವಿದೆ. ಹೋದ ದಿನಗಳನ್ನು ಹೇಗೆ ತುಂಬಿಕೊಡಲಾಗುತ್ತದೆ ಎಂದು ಸಮಿತಿ ಕೇಳಬಹುದು.

ಒಂದು ಕಲ್ಪಿತ ಶಾಲೆಯನ್ನು ತೆಗೆದುಕೊಳ್ಳೋಣ. ಒಂದರಿಂದ ಏಳನೇ ತರಗತಿಯ ಹಿರಿಯ ಪ್ರಾಥಮಿಕ ಶಾಲೆ. ಕೆಳಗಿನ ಐದು ತರಗತಿಗಳಲ್ಲಿ 64 ಮಕ್ಕಳು, ಆರು ಮತ್ತು ಏಳರಲ್ಲಿ 30 ಮಕ್ಕಳು. ಅನುಸೂಚಿಯ ಲೆಕ್ಕದಲ್ಲಿ ಕೆಳಗೆ ಮೂವರು, ಮೇಲೆ ವಿಷಯವಾರು ಮೂವರು, ಒಟ್ಟು ಆರು ಶಿಕ್ಷಕರು ಬೇಕು. ಕಾಯಂ ಶಿಕ್ಷಕರು ಮೂವರೇ ಇದ್ದರೆ ಕೊರತೆ ಮೂರು. “ನಮ್ಮ ಶಾಲೆಗೆ ಶಿಕ್ಷಕರು ಸಾಲದು, ದಯವಿಟ್ಟು ಕೊಡಿ” ಎಂಬ ವಿನಂತಿಗೂ, “ಕಾಯ್ದೆಯ ಅನುಸೂಚಿಯಂತೆ ಆರು ಶಿಕ್ಷಕರಿರಬೇಕಾದಲ್ಲಿ ಮೂವರಿದ್ದಾರೆ, ಗಣಿತ ಮತ್ತು ವಿಜ್ಞಾನಕ್ಕೆ ಯಾರೂ ಇಲ್ಲ, ಇದನ್ನು ಸಮಿತಿ ತನ್ನ ಯೋಜನೆಯಲ್ಲಿ ದಾಖಲಿಸಿದೆ” ಎಂಬ ಪತ್ರಕ್ಕೂ ಇರುವ ಅಂತರವನ್ನು ಯಾವ ಅಧಿಕಾರಿಯೂ ಗಮನಿಸದೆ ಇರಲಾರರು. ಮೊದಲನೆಯದಕ್ಕೆ “ನೋಡೋಣ” ಎಂದು ಉತ್ತರಿಸಬಹುದು. ಎರಡನೆಯದಕ್ಕೆ ಲಿಖಿತ ಉತ್ತರ ಬೇಕಾಗುತ್ತದೆ.

ಇದೇ ಉದಾಹರಣೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೆಳಗಿನ ತರಗತಿಗಳಲ್ಲಿ 64ರ ಬದಲು 60 ಮಕ್ಕಳಿದ್ದರೆ ಕಾನೂನಿನ ಲೆಕ್ಕ ಮೂವರಿಂದ ಇಬ್ಬರಿಗೆ ಇಳಿಯುತ್ತದೆ. ಮಕ್ಕಳ ಸಂಖ್ಯೆ ಕುಸಿದ ಶಾಲೆಯ ಶಿಕ್ಷಕರನ್ನು ‘ಹೆಚ್ಚುವರಿ’ ಎಂದು ಗುರುತಿಸಿ ಬೇರೆ ಶಾಲೆಗೆ ಕಳುಹಿಸುವುದು, ಶಿಕ್ಷಕರು ಕಡಿಮೆಯಾದರೆಂದು ಇನ್ನಷ್ಟು ಹೆತ್ತವರು ಮಕ್ಕಳನ್ನು ಹಳದಿ ಬಣ್ಣದ ಶಾಲಾ ವಾಹನ ಹತ್ತಿಸುವುದು, ಅದರಿಂದ ಸಂಖ್ಯೆ ಮತ್ತೆ ಕುಸಿಯುವುದು ನಮ್ಮ ಕಣ್ಣೆದುರೇ ನಡೆಯುತ್ತಿದೆ. ಸುಳ್ಯ, ಬೆಳ್ತಂಗಡಿ, ಬೈಂದೂರಿನ ಒಳ ಪ್ರದೇಶಗಳ ಏಕೋಪಾಧ್ಯಾಯ ಶಾಲೆಗಳ ಹಿಂದೆ ಹೆಚ್ಚಾಗಿ ಇದೇ ಕತೆಯಿದೆ. ಆದ್ದರಿಂದ ದಾಖಲಾತಿಯ ಸಮಯದಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ಸೇರಿಸಲು ಹೇಳುವ ಹೆತ್ತವರು ಪ್ರಚಾರವನ್ನಷ್ಟೇ ಮಾಡುತ್ತಿಲ್ಲ, ಶಿಕ್ಷಕರ ಹುದ್ದೆಯನ್ನೇ ಉಳಿಸುತ್ತಿದ್ದಾರೆ. ಕೆಲಸಕ್ಕಾಗಿ ಉತ್ತರ ಕರ್ನಾಟಕದಿಂದ ಬಂದು ಬಾಡಿಗೆ ಕೋಣೆಗಳಲ್ಲಿ ನೆಲೆಸಿರುವ ಕುಟುಂಬಗಳ ಮಕ್ಕಳು ಎಷ್ಟೋ ಪೇಟೆ ಶಾಲೆಗಳನ್ನು ಜೀವಂತವಾಗಿಟ್ಟಿದ್ದಾರೆ. ವರ್ಗಾವಣೆ ಪತ್ರವಿಲ್ಲವೆಂಬ ಕಾರಣಕ್ಕೆ ಅಂಥ ಮಗುವಿನ ದಾಖಲಾತಿಯನ್ನು ತಡೆಯುವಂತಿಲ್ಲ ಎಂಬುದೂ ಕಾಯ್ದೆಯ ಮಾತೇ.

ಯೋಜನೆಗೆ ಪೂರಕವಾಗಿ ಇನ್ನೊಂದು ಕಾಗದವನ್ನು ಸಮಿತಿ ನೋಡಲೇಬೇಕು. ಪ್ರತಿ ಶಾಲೆ ವರ್ಷಕ್ಕೊಮ್ಮೆ ಯುಡೈಸ್ ಎಂಬ ರಾಷ್ಟ್ರೀಯ ಮಾಹಿತಿ ವ್ಯವಸ್ಥೆಗೆ ತನ್ನ ಕೋಣೆ, ಶೌಚಾಲಯ, ನೀರು, ಶಿಕ್ಷಕರು, ಮಕ್ಕಳ ವಿವರ ತುಂಬಿ ಕಳುಹಿಸುತ್ತದೆ. ಮೇಲಿನ ಕಚೇರಿಗಳು ಶಾಲೆಯನ್ನು ನೋಡುವುದು ಬಹುಮಟ್ಟಿಗೆ ಈ ಅಂಕಿಗಳ ಮೂಲಕ. ಬಾಗಿಲು ಮುರಿದು ಬಳಸಲಾಗದ ಶೌಚಾಲಯವನ್ನು ‘ಇದೆ’ ಎಂದು ಬರೆದರೆ ಸರ್ಕಾರದ ಕಡತದಲ್ಲಿ ಆ ಕೊರತೆಯೇ ಇರುವುದಿಲ್ಲ. ನಮೂನೆ ತುಂಬುವ ದಿನ ಇಬ್ಬರು ಸದಸ್ಯರು ಶಾಲೆಗೆ ಹೋಗಿ, ಒಂದೊಂದು ಉತ್ತರವನ್ನೂ ಕಣ್ಣೆದುರಿನ ಸ್ಥಿತಿಯೊಂದಿಗೆ ಹೋಲಿಸಿ ನೋಡುವುದು ಅರ್ಧ ದಿನದ ಕೆಲಸ.

ಸಭೆ ಮತ್ತು ನಡಾವಳಿ ಪುಸ್ತಕ

ಸಮಿತಿಯ ಮಾತಿಗೆ ಬೆಲೆ ಬರುವುದು ನಡಾವಳಿ ಪುಸ್ತಕದಿಂದ. ಸಭೆಯಲ್ಲಿ ಎಷ್ಟೇ ಜೋರಾಗಿ ಮಾತನಾಡಿದ್ದರೂ ನಿರ್ಣಯವಾಗಿ ದಾಖಲಾಗದಿದ್ದರೆ ಕಚೇರಿಯ ದೃಷ್ಟಿಯಲ್ಲಿ ಅದು ನಡೆದೇ ಇಲ್ಲ. ಒಳ್ಳೆಯ ನಿರ್ಣಯದಲ್ಲಿ ಏನು ಬೇಕು, ಯಾವ ಆಧಾರದ ಮೇಲೆ ಬೇಕು, ಯಾರಿಗೆ ಪತ್ರ ಬರೆಯಬೇಕು, ಯಾವ ದಿನದೊಳಗೆ ಉತ್ತರ ನಿರೀಕ್ಷಿಸಲಾಗಿದೆ, ಉತ್ತರ ಬಾರದಿದ್ದರೆ ಮುಂದೆ ಯಾರು ವಿಚಾರಿಸಬೇಕು ಎಂಬಷ್ಟು ಸ್ಪಷ್ಟವಾಗಿರಬೇಕು. ಮುಂದಿನ ಸಭೆ ಆ ನಿರ್ಣಯವನ್ನು ಓದುವುದರಿಂದಲೇ ಆರಂಭವಾಗಬೇಕು.

ನಮ್ಮ ಭಾಗದಲ್ಲಿ ಸಭೆಯ ಮಾತು ತುಳು, ಬ್ಯಾರಿ, ಕೊಂಕಣಿ ಅಥವಾ ಕುಂದಗನ್ನಡದಲ್ಲಿ ನಡೆದು, ಬರಹ ಕಚೇರಿ ಕನ್ನಡದಲ್ಲಿ ಆಗುತ್ತದೆ. ಹೀಗಾಗಿ ಬರೆದದ್ದನ್ನು ಸಭೆ ಮುಗಿಯುವ ಮೊದಲೇ ಗಟ್ಟಿಯಾಗಿ ಓದಿಸಿ, ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿ ಹೇಳಿಸಿ, ಆಮೇಲೆ ಸಹಿ ಮಾಡುವುದು ಅಗತ್ಯ. ಓದು ಬಾರದ ತಾಯಿಯೊಬ್ಬರು ಸದಸ್ಯೆಯಾಗಿದ್ದರೆ ಇದು ಅವರ ಹಕ್ಕೂ ಹೌದು.

ಸಭೆಯ ಸಮಯದ ವಿಚಾರ ಚಿಕ್ಕದಾಗಿ ಕಾಣುತ್ತದೆ, ಆದರೆ ಸಮಿತಿ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಅದೇ ನಿರ್ಧರಿಸುತ್ತದೆ. ಬೀಡಿ ಕಟ್ಟಿ ಬ್ರಾಂಚಿಗೆ ಕೊಡಬೇಕಾದ ದಿನ, ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ ದೋಣಿ ಬಂದು ಮೀನಿನ ಕೆಲಸವಿರುವ ಬೆಳಗ್ಗೆ, ಗೇರುಬೀಜದ ಕಾರ್ಖಾನೆಯ ಪಾಳಿಯ ಹೊತ್ತು ಸಭೆ ಕರೆದರೆ ಅರ್ಧದಷ್ಟು ಮಹಿಳೆಯರಿರಬೇಕೆಂಬ ಕಾನೂನು ಕಾಗದದಲ್ಲಷ್ಟೇ ಉಳಿಯುತ್ತದೆ. ಬಿಡುವಿರುವ ಕೆಲವೇ ಗಂಡಸರು ಬಂದು ನಿರ್ಧರಿಸುತ್ತಾರೆ, ಸಹಿ ಸಂಗ್ರಹಕ್ಕೆ ಪುಸ್ತಕ ಮನೆಗೆ ಹೋಗುತ್ತದೆ. ಹಾಗೆ ಮನೆಗೆ ಬಂದ ಪುಸ್ತಕಕ್ಕೆ ಸಹಿ ಹಾಕದಿರುವುದು ಸಭ್ಯತೆಯ ಕೊರತೆಯಲ್ಲ. ಸಭೆಯೇ ನಡೆಯದೆ ನಿರ್ಣಯವಾಗುವುದು ಸರಿಯಲ್ಲವೆಂದು ಹೇಳಬೇಕಾದದ್ದು ಸದಸ್ಯರ ಹೊಣೆ. ಸಮಿತಿಯ ರಚನೆಯಲ್ಲಿ ಪಕ್ಷ ರಾಜಕೀಯ ಕೈಹಾಕುವುದನ್ನು ತಡೆಯುವುದಕ್ಕೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ: ಹೆತ್ತವರ ಪೂರ್ಣ ಸಭೆ ಸೇರಬೇಕು, ಆಯ್ಕೆ ಅಲ್ಲೇ ಎಲ್ಲರೆದುರು ನಡೆಯಬೇಕು.

ಮೇಲಕ್ಕೆ ಹೋಗುವ ದಾರಿ

ಶಾಲೆಯ ಮಟ್ಟದಲ್ಲಿ ಬಗೆಹರಿಯದ ವಿಷಯ ಸಾಮಾನ್ಯವಾಗಿ ಸಮೂಹ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋಗುತ್ತದೆ. ಶಿಕ್ಷಕರ ನಿಯೋಜನೆ, ಅತಿಥಿ ಶಿಕ್ಷಕರ ಹಂಚಿಕೆ, ದುರಸ್ತಿ ಪಟ್ಟಿ ಇವೆಲ್ಲಕ್ಕೂ ಬಿಇಒ ಕಚೇರಿಯೇ ಮೊದಲ ಬಾಗಿಲು. ಅದರ ಮೇಲೆ ಮಂಗಳೂರಿನಲ್ಲಿಯೂ ಉಡುಪಿಯಲ್ಲಿಯೂ ಜಿಲ್ಲಾ ಮಟ್ಟದ ಉಪನಿರ್ದೇಶಕರ ಕಚೇರಿಯಿದೆ. ಬಿಸಿಯೂಟದ ಅಕ್ಕಿ, ಬೇಳೆಯ ಗುಣಮಟ್ಟ, ಅಡುಗೆ ಸಿಬ್ಬಂದಿಯ ಸಂಬಳದ ವಿಚಾರವಾದರೆ ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರನ್ನು ಕಾಣಬೇಕು. ಪತ್ರವನ್ನು ಕೈಯಲ್ಲಿ ಕೊಟ್ಟಾಗ ಇನ್ನೊಂದು ಪ್ರತಿಯಲ್ಲಿ ಸ್ವೀಕೃತಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡೇ ಬರಬೇಕು.

ಗ್ರಾಮ ಪಂಚಾಯಿತಿಯನ್ನು ಹೆತ್ತವರು ಮರೆಯುವುದು ಹೆಚ್ಚು. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಒಪ್ಪಿಸಬಹುದಾದ ವಿಷಯಗಳ ಪೈಕಿ ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳೂ ಸೇರಿವೆ. ಶಾಲೆಗೆ ಬೇಕಾದ ಆವರಣ ಗೋಡೆ, ಶೌಚಾಲಯ, ಮಳೆನೀರು ಕೊಯ್ಲು, ಆಟದ ಮೈದಾನದ ಕಾಮಗಾರಿಗಳನ್ನು ಉದ್ಯೋಗ ಖಾತರಿಯಂತಹ ಯೋಜನೆಗಳ ಹಣದಿಂದ ಪಂಚಾಯಿತಿಗಳು ಮಾಡಿಸಿಕೊಟ್ಟದ್ದಿದೆ. ಅದಕ್ಕಾಗಿ ವಿಷಯ ಗ್ರಾಮಸಭೆಯಲ್ಲಿ ಬಂದು ಕ್ರಿಯಾಯೋಜನೆಗೆ ಸೇರಬೇಕು. ಹತ್ತು ಮಂದಿ ಹೆತ್ತವರು ಒಟ್ಟಾಗಿ ಗ್ರಾಮಸಭೆಗೆ ಹೋಗಿ ಸಮಿತಿಯ ನಿರ್ಣಯದ ಪ್ರತಿಯನ್ನು ಮಂಡಿಸಿದರೆ ಅದನ್ನು ಬದಿಗಿಡುವುದು ಕಷ್ಟ.

ಉತ್ತರವೇ ಬಾರದಿದ್ದಾಗ ಎರಡು ದಾರಿಗಳಿವೆ. ಒಂದು, ಮಾಹಿತಿ ಹಕ್ಕು ಕಾಯ್ದೆ, 2005. ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಮಾಹಿತಿ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳನ್ನು ಮೀರದಂತಿರಬೇಕು. “ನಮ್ಮ ಶಾಲೆಯ ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ಇಂಥ ದಿನಾಂಕದ ಪತ್ರದ ಮೇಲೆ ಕೈಗೊಂಡ ಕ್ರಮವೇನು” ಎಂಬ ಮೂರು ಸಾಲಿನ ಅರ್ಜಿ ಎಷ್ಟೋ ಕಡತಗಳನ್ನು ಅಲುಗಾಡಿಸುತ್ತದೆ. ಎರಡನೆಯದು ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಂ. ಮಗುವಿನ ಹಕ್ಕಿಗೆ ಸಂಬಂಧಿಸಿದ ಕುಂದುಕೊರತೆಯನ್ನು ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಕೊಡಬಹುದು. ಸಂಬಂಧಪಟ್ಟವರ ಅಹವಾಲು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡು, ಮುಂದೆ ಸರ್ಕಾರಿ ಶಾಲೆಗಳ ಶೌಚಾಲಯ ಮತ್ತು ಕುಡಿಯುವ ನೀರಿನ ಸ್ಥಿತಿಯನ್ನೂ ಪ್ರಶ್ನಿಸಿತು. ಆದರೆ ನ್ಯಾಯಾಲಯದವರೆಗೆ ಹೋಗುವ ಅಗತ್ಯ ಬಹುತೇಕ ಶಾಲೆಗಳಿಗೆ ಬರುವುದಿಲ್ಲ, ಬರಬಾರದು.

ಒಂದೇ ಶಾಲೆಯ ಸಮಿತಿಗಿಂತ ಒಂದು ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಸಮೂಹದ, ಎಲ್ಲ ಸಮಿತಿಗಳು ಸೇರಿದರೆ ಮಾತಿನ ಬಲ ಹೆಚ್ಚು. ರಾಜ್ಯದಲ್ಲಿ ಎಸ್‌ಡಿಎಂಸಿಗಳ ಸಮನ್ವಯ ವೇದಿಕೆಯೊಂದು ಇದೆ. ಶಿಕ್ಷಣ ತಜ್ಞ ವಿ.ಪಿ. ನಿರಂಜನಾರಾಧ್ಯ ಅವರು ಈ ಸಂಘಟನೆಯ ಹಿಂದೆ ನಿಂತು ಸಮಿತಿಗಳ ಕಾನೂನುಬದ್ಧ ಸ್ಥಾನದ ಬಗ್ಗೆ ವರ್ಷಗಳಿಂದ ಮಾತನಾಡುತ್ತ ಬಂದಿದ್ದಾರೆ.

ದೇಣಿಗೆಯ ಪ್ರಶ್ನೆ

ಸಮಗ್ರ ಶಿಕ್ಷಾ ಯೋಜನೆ 2018ರಲ್ಲಿ ಬಂದ ಮೇಲೆ ಶಾಲೆಗಳಿಗೆ ಮಕ್ಕಳ ಸಂಖ್ಯೆಯ ಆಧಾರದಲ್ಲಿ ವಾರ್ಷಿಕ ಸಂಯುಕ್ತ ಅನುದಾನ ನಿಗದಿಯಾಗಿದೆ: 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಹೆಚ್ಚಿದ್ದರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಶೇಕಡಾ 10ನ್ನು ಸ್ವಚ್ಛತೆಗೆ ಬಳಸಬೇಕು. ಈ ಹಣ ಎಂದು ಬಂತು, ಯಾವುದಕ್ಕೆ ಹೋಯಿತು ಎಂದು ಕೇಳುವುದು ಮುಖ್ಯ ಶಿಕ್ಷಕರ ಮೇಲಿನ ಅನುಮಾನವಲ್ಲ, ಕಾನೂನು ಸಮಿತಿಗೆ ಒಪ್ಪಿಸಿದ ಕೆಲಸ. ವಿದ್ಯುತ್ ಬಿಲ್ಲು, ಚಾಕ್‌ಪೀಸು, ಸಣ್ಣ ದುರಸ್ತಿ, ಕಾಗದ ಎಲ್ಲವೂ ಇದರಲ್ಲೇ ಆಗಬೇಕಾದ್ದರಿಂದ ಇದು ಸಾಲದು ಎಂಬುದು ನಿಜ. ಸಾಲದ ಭಾಗವನ್ನು ಊರು ತುಂಬುತ್ತದೆ.

ಹೀಗೆ ತುಂಬುವಾಗಲೇ ತೊಡಕು ಹುಟ್ಟುತ್ತದೆ. ಶಿಕ್ಷಕರಿಲ್ಲದ ಶಾಲೆಗೆ ಹಳೆ ವಿದ್ಯಾರ್ಥಿ ಸಂಘ ಅಥವಾ ದಾನಿಗಳು ತಿಂಗಳಿಗಿಷ್ಟು ಎಂದು ಕೊಟ್ಟು ಗೌರವ ಶಿಕ್ಷಕಿಯರನ್ನು ನೇಮಿಸುವ ಪದ್ಧತಿ ನಮ್ಮ ಎರಡೂ ಜಿಲ್ಲೆಗಳಲ್ಲಿ ವ್ಯಾಪಕವಾಗಿದೆ. ಎಲ್‌ಕೆಜಿ, ಯುಕೆಜಿ ತರಗತಿಗಳನ್ನು ಹೀಗೆಯೇ ನಡೆಸಿ ಮಕ್ಕಳ ಸಂಖ್ಯೆಯನ್ನು ಹೆಚ್ಚಿಸಿಕೊಂಡ ಶಾಲೆಗಳಿವೆ. ಬಂಟ್ವಾಳ ತಾಲ್ಲೂಕಿನ ದಡ್ಡಲಕಾಡಿನಲ್ಲಿ ಮುಚ್ಚುವ ಹಂತಕ್ಕೆ ಬಂದಿದ್ದ ಸರ್ಕಾರಿ ಶಾಲೆಯನ್ನು ಸ್ಥಳೀಯ ಟ್ರಸ್ಟೊಂದು ಎತ್ತಿ ನಿಲ್ಲಿಸಿದ್ದನ್ನು ರಾಜ್ಯವೇ ಗಮನಿಸಿತು. ಇವು ಗೌರವಕ್ಕೆ ಅರ್ಹವಾದ ಕೆಲಸಗಳು, ಮಗುವಿನ ಈ ವರ್ಷದ ಪಾಠ ಮುಂದಿನ ವರ್ಷದ ನೇಮಕಾತಿಗೆ ಕಾಯಲಾರದು. ಆದರೂ ದಾನಿಯ ಹಣದಿಂದ ಬಂದ ಶಿಕ್ಷಕಿ ತರಗತಿಯಲ್ಲಿ ನಿಂತ ಕೂಡಲೇ ಖಾಲಿ ಹುದ್ದೆಯ ಅರ್ಜಿಯನ್ನು ಮರೆಯುವುದಿದೆಯಲ್ಲ, ಅಲ್ಲಿ ಊರಿನ ಔದಾರ್ಯ ಸರ್ಕಾರದ ಹೊಣೆಯನ್ನು ಮುಚ್ಚಿಹಾಕುತ್ತದೆ. ದಾನಿ ನಿಂತ ವರ್ಷ ಶಿಕ್ಷಕಿಯೂ ಇಲ್ಲ, ಅರ್ಜಿಯೂ ಇಲ್ಲ ಎಂಬ ಸ್ಥಿತಿ ಬರುತ್ತದೆ. ಅತ್ಯಲ್ಪ ಗೌರವಧನಕ್ಕೆ ದುಡಿಯುವ ಆ ಶಿಕ್ಷಕಿಗೂ ಇದರಿಂದ ನ್ಯಾಯ ಸಿಗುವುದಿಲ್ಲ. ಆದ್ದರಿಂದ ಗೌರವ ಶಿಕ್ಷಕರನ್ನು ನೇಮಿಸುವ ನಿರ್ಣಯದ ಸಭೆಯಲ್ಲೇ, ಅದೇ ಪುಟದಲ್ಲೇ, ಕಾಯಂ ಹುದ್ದೆ ತುಂಬುವಂತೆ ಕೋರುವ ನಿರ್ಣಯವೂ ಇರಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಹೆತ್ತವರು ಒಟ್ಟಾಗಿ ಆಕ್ಷೇಪಿಸಿದರೆ ಏನಾಗುತ್ತದೆ ಎಂಬುದಕ್ಕೆ ಹತ್ತಿರದ ಉದಾಹರಣೆಯೂ ಇದೇ ವಿಷಯದಲ್ಲಿದೆ. 2022ರ ಅಕ್ಟೋಬರ್‌ನಲ್ಲಿ ಸರ್ಕಾರಿ ಶಾಲೆಗಳ ಖರ್ಚಿಗಾಗಿ ಹೆತ್ತವರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅವಕಾಶ ಕೊಡುವ ಸುತ್ತೋಲೆ ಹೊರಟಿತು. ಸ್ವಯಂಪ್ರೇರಿತ ಎಂದು ಬರೆದಿದ್ದರೂ, ಕೂಲಿ ಮಾಡುವ ತಾಯಿಯ ಮುಂದೆ ಶಾಲೆಯ ರಶೀದಿ ಪುಸ್ತಕ ಬಂದಾಗ ಅದು ಸ್ವಯಂಪ್ರೇರಿತವಾಗಿ ಉಳಿಯದೆಂಬ ಟೀಕೆ ಎಲ್ಲೆಡೆಯಿಂದ ಬಂತು. ಕೆಲವೇ ದಿನಗಳಲ್ಲಿ ಸುತ್ತೋಲೆಯನ್ನು ಹಿಂಪಡೆಯಲಾಯಿತು. ಮಗುವಿನ ಪ್ರಾಥಮಿಕ ಶಿಕ್ಷಣ ಪೂರ್ಣಗೊಳ್ಳಲು ಅಡ್ಡಿಯಾಗುವ ಯಾವ ಶುಲ್ಕವನ್ನೂ ಖರ್ಚನ್ನೂ ಹೊರಿಸಬಾರದೆಂದು ಕಾಯ್ದೆಯ 3ನೇ ಕಲಂ ಹೇಳುತ್ತದೆ.

ಶಿಕ್ಷಕರ ಜೊತೆ ನಿಲ್ಲುವುದು

ಮೇಲುಸ್ತುವಾರಿ ಎಂದ ಕೂಡಲೇ ಶಿಕ್ಷಕರ ಮೇಲೆ ಕಾವಲು ಕೂರುವುದು ಎಂದು ಕೆಲವರು ತಿಳಿಯುತ್ತಾರೆ. ಶಿಕ್ಷಕರಲ್ಲೂ ಆ ಅಳುಕಿದೆ. ವಾಸ್ತವದಲ್ಲಿ ಶಾಲೆಯ ಕೊರತೆಗಳನ್ನು ಹೆತ್ತವರಿಗಿಂತ ಚೆನ್ನಾಗಿ ಬಲ್ಲವರು ಶಿಕ್ಷಕರೇ. ಸರ್ಕಾರಿ ನೌಕರರಾಗಿ ಅದನ್ನು ಸಾರ್ವಜನಿಕವಾಗಿ ಹೇಳುವ ಸ್ವಾತಂತ್ರ್ಯ ಅವರಿಗಿಲ್ಲ. ಹೆತ್ತವರಿಗಿದೆ. ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆಂದು 27ನೇ ಕಲಂ ಹೇಳಿದೆ. ಅದನ್ನು ಮೀರಿ ಬೇರೆ ಸಮೀಕ್ಷೆ, ಮೊಬೈಲ್ ಆ್ಯಪಿನ ಮಾಹಿತಿ ತುಂಬುವ ಕೆಲಸಗಳಿಂದ ತರಗತಿ ಖಾಲಿಯಾಗುವಾಗ ಮಾತನಾಡಬೇಕಾದವರು ಹೆತ್ತವರು. ಇಂಥ ಒಂದು ನಿರ್ಣಯ ಮಾಡಿದ ಸಮಿತಿಯನ್ನು ಶಿಕ್ಷಕರು ಮತ್ತೆಂದೂ ಕಾವಲುಗಾರರೆಂದು ನೋಡುವುದಿಲ್ಲ.

ಆ ವಿಶ್ವಾಸ ಬಂದ ಮೇಲೆ ಅತ್ಯಂತ ಮುಖ್ಯವಾದ, ಆದರೆ ಕೇಳಲು ಅತ್ಯಂತ ಕಷ್ಟವಾದ ಪ್ರಶ್ನೆಯನ್ನು ಕೇಳಬಹುದು: ನಮ್ಮ ಮಕ್ಕಳು ಏನು ಕಲಿತಿದ್ದಾರೆ? ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ ಮತ್ತು ಪ್ರಗತಿಯನ್ನು ನಿಯಮಿತ ಸಭೆ ನಡೆಸಿ ಹೆತ್ತವರಿಗೆ ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು 24ನೇ ಕಲಂ ಹೇಳುತ್ತದೆ. ಮೂರನೇ ತರಗತಿಯ ಮಗು ಎರಡನೇ ತರಗತಿಯ ಪಾಠವನ್ನು ತಡವರಿಸದೆ ಓದುತ್ತದೆಯೇ, ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಮಾಡುತ್ತದೆಯೇ, ಮನೆಯಲ್ಲಿ ತುಳುವೋ ಬ್ಯಾರಿಯೋ ಲಂಬಾಣಿಯೋ ಮಾತನಾಡುವ ಮಗುವಿಗೆ ಪಠ್ಯದ ಕನ್ನಡ ತಲುಪುತ್ತಿದೆಯೇ ಎಂಬುದನ್ನು ಯಾವ ಮಗುವಿನ ಹೆಸರನ್ನೂ ಎತ್ತದೆ ತರಗತಿಯ ಮಟ್ಟದಲ್ಲಿ ಚರ್ಚಿಸಬಹುದು. ರಾಜ್ಯ ಸರ್ಕಾರ 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗ ಆರಂಭಿಸಿದ ಮೇಲೆ ಅನೇಕ ಸಮಿತಿಗಳ ಮೊದಲ ಬೇಡಿಕೆ ಅದೇ ಆಗಿದೆ. ಬೇಡಿಕೆ ಸಹಜ, ಆದರೆ ಆ ಮಾಧ್ಯಮದಲ್ಲಿ ಕಲಿಸಲು ತರಬೇತಾದ ಶಿಕ್ಷಕರು ಎಲ್ಲಿಂದ ಬರುತ್ತಾರೆ ಎಂಬ ಪ್ರಶ್ನೆಯನ್ನೂ ಅದೇ ಅರ್ಜಿಯಲ್ಲಿ ಕೇಳಬೇಕು.

ಕೊನೆಯದಾಗಿ, ಶಾಲೆಯ ಬಗ್ಗೆ ಮಾತನಾಡುವ ಹಕ್ಕು ಹೆತ್ತವರೊಂದಿಗೆ ಮಕ್ಕಳಿಗೂ ಇದೆ. ಇಂದು ರಾಜ್ಯದ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯ ಬೇರುಗಳು ಕುಂದಾಪುರ ಭಾಗದ ಹಳ್ಳಿಗಳಲ್ಲಿ ಮಕ್ಕಳು ತಮ್ಮ ಪಂಚಾಯಿತಿಯೆದುರು ತಮ್ಮ ಸಮಸ್ಯೆಗಳನ್ನು ಮಂಡಿಸಿದ ಪ್ರಯೋಗಗಳಲ್ಲಿವೆ. ಮಳೆಗಾಲದಲ್ಲಿ ಕಾಲುಸಂಕ ದಾಟುವ ಭಯ, ಬೀಗ ಹಾಕಿದ ಶೌಚಾಲಯ, ಶಾಲೆ ಬಿಡುವ ಹೊತ್ತಿಗೆ ಬಾರದ ಬಸ್ಸು ಇಂಥ ವಿಷಯಗಳನ್ನು ಮಕ್ಕಳೇ ಸ್ಪಷ್ಟವಾಗಿ ಹೇಳುತ್ತಾರೆ. ಆ ಸಭೆಯ ದಿನಾಂಕವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ ತಿಳಿದುಕೊಂಡು, ಅಲ್ಲಿ ಮಕ್ಕಳು ಎತ್ತಿದ ಪ್ರಶ್ನೆಗಳನ್ನು ಎಸ್‌ಡಿಎಂಸಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿಕೊಂಡರೆ, ಅವು ಶಾಲಾಭಿವೃದ್ಧಿ ಯೋಜನೆಯ ಭಾಗವಾಗಿ ಬಿಇಒ ಕಚೇರಿಗೂ ತಲುಪುತ್ತವೆ.